ನಿದ್ದೆಯಲ್ಲಿ ಚೀರೋದು, ನಡೆಯೋದು, ಒದೆಯೋದು: ಮೊದಲು ಗಡಿಯಾರ ನೋಡಿ

ರಾತ್ರಿ ಹನ್ನೊಂದೂಕಾಲು ಇರಬೇಕು, ಮಗಳು ಮಲಗಿ ಒಂದೂವರೆ ಗಂಟೆ ಆಗಿತ್ತು ಅಷ್ಟೇ, ಇದ್ದಕ್ಕಿದ್ದಂಗೆ ರೂಮಿಂದ ಕಿಟಾರನೆ ಒಂದು ಚೀರಾಟ. ಜೀವ ಕೈಲಿ ಹಿಡ್ಕೊಂಡು ಓಡಿದೆ. ನೋಡಿದ್ರೆ ಹಾಸಿಗೆ ಮೇಲೆ ಎದ್ದು ಕೂತಿದ್ದಾಳೆ, ಕಣ್ಣು ಅಗಲಕ್ಕೆ ಬಿಟ್ಟಿದ್ದಾಳೆ, ಮೈಯೆಲ್ಲ ಬೆವರು, ಎದೆ ಡವಡವ ಹೊಡ್ಕೊಳ್ತಿದೆ, ನನ್ನ ಕಡೆನೇ ನೋಡ್ತಿದ್ದಾಳೆ ಆದ್ರೆ ನಾನು ಅವಳಿಗೆ ಕಾಣ್ತಾನೇ ಇಲ್ಲ. "ಪುಟ್ಟಾ, ಅಮ್ಮ ಕಣೇ" ಅಂತ ಅಪ್ಪಿಕೊಳ್ಳೋಕೆ ಹೋದ್ರೆ ಎರಡೂ ಕೈಲಿ ತಳ್ಳಿದ್ಲು. ಆಮೇಲೆ ನಾನು ಮಾಡಬಾರದ್ದನ್ನೆಲ್ಲ ಒಂದೂ ಬಿಡದೆ ಮಾಡ್ದೆ, ಲೈಟ್ ಹಾಕ್ದೆ, ಭುಜ ಹಿಡಿದು ಅಲ್ಲಾಡಿಸಿದೆ, ಜೋರಾಗಿ ಹೆಸರು ಕೂಗ್ದೆ, ಕೊನೆಗೆ ಮುಖಕ್ಕೆ ನೀರು ಬೇರೆ ಚಿಮುಕಿಸಿದೆ, ಒಂದೊಂದಕ್ಕೂ ಚೀರಾಟ ಇನ್ನಷ್ಟು ಜಾಸ್ತಿ ಆಯ್ತೇ ಹೊರತು ಕಮ್ಮಿ ಆಗ್ಲಿಲ್ಲ. ಹತ್ತು ನಿಮಿಷ ಆದ್ಮೇಲೆ ತಾನಾಗೇ ದಿಂಬಿಗೆ ತಲೆ ಇಟ್ಟು ಮಲಗಿಬಿಟ್ಲು. ಬೆಳಿಗ್ಗೆ ಕೇಳಿದ್ರೆ "ಯಾವಾಗ? ನಾನಾ?" ಅಂತಾಳೆ. ಬೆಳಗಿನವರೆಗೂ ಕಣ್ಣು ಮುಚ್ಚದೆ ಕೂತಿದ್ದವಳು ನಾನೊಬ್ಬಳೇ.

ಇದಾಗಿ ಎರಡು ವರ್ಷಕ್ಕೆ ನಮ್ಮ ಮಾವನವರದ್ದು ಇನ್ನೊಂದು ಥರದ ಕಥೆ ಶುರುವಾಯ್ತು, ಅದನ್ನ ಮುಂದೆ ಹೇಳ್ತೀನಿ. ನಾನು ಡಾಕ್ಟರ್ ಅಲ್ಲ, ಆದ್ರೆ ಒಂದೇ ಮನೇಲಿ ಎರಡು ಥರದ ರಾತ್ರಿ ನೋಡಿ, ಡಾಕ್ಟರ್ ಹತ್ರ ಓಡಾಡಿ, ಒಂದಷ್ಟು ಓದಿ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ. ನಿದ್ದೇಲಿ ಆಗೋ ವಿಚಿತ್ರಗಳೆಲ್ಲ ಹೊರಗಿಂದ ಒಂದೇ ಥರ ಕಾಣಿಸತ್ತೆ, ಆದ್ರೆ ಒಂದಕ್ಕೆ ಮಾಡೋ ಉಪಾಯ ಇನ್ನೊಂದಕ್ಕೆ ನಡೆಯಲ್ಲ, ಅದಕ್ಕೆ ಉಪಾಯಕ್ಕಿಂತ ಮೊದಲು ಇದು ಯಾವುದು ಅಂತ ಗುರುತು ಹಿಡೀಬೇಕು.

ಮೂರು ವಿಷಯ ಬರೆದಿಟ್ಕೊಳ್ಳಿ

ದಿಂಬಿನ ಪಕ್ಕ ಒಂದು ಪುಟ್ಟ ನೋಟ್‌ಬುಕ್ ಇಡಿ, ಅಥವಾ ಫೋನಲ್ಲೇ ಬರೀರಿ. ಮಲಗಿ ಎಷ್ಟು ಹೊತ್ತಿಗೆ ಆಯ್ತು? ಕಣ್ಣು ತೆರೆದಿತ್ತಾ ಮುಚ್ಚಿತ್ತಾ? ಎಚ್ಚರ ಆದ್ಮೇಲೆ ಕನಸು ಹೇಳಿದ್ರಾ, ಇಲ್ಲಾ ಏನೂ ನೆನಪಿಲ್ಲ ಅಂದ್ರಾ? ಈ ಮೂರು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಯಾಕೆ ಅಂದ್ರೆ ನಿದ್ದೆ ರಾತ್ರಿ ಇಡೀ ಒಂದೇ ಸಮ ಇರಲ್ಲ. ಸುಮಾರು 90 ನಿಮಿಷದ ಒಂದೊಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು ಬರತ್ತೆ. ಮೊದಲ ಒಂದೆರಡು ಸುತ್ತಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಜಾವದ ಸುತ್ತಲ್ಲಿ ಕನಸಿನ ನಿದ್ದೆ ಜಾಸ್ತಿ. ಕನಸಿನ ನಿದ್ದೆಗೆ ರೆಮ್ ನಿದ್ದೆ ಅಂತ ಹೆಸರು, ಮುಚ್ಚಿದ ರೆಪ್ಪೆ ಒಳಗೆ ಕಣ್ಣುಗುಡ್ಡೆ ಸರಸರ ಓಡಾಡ್ತಿರತ್ತೆ, 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಅನ್ನೋ ಇಬ್ಬರು ಇದನ್ನ ಮೊದಲು ವರದಿ ಮಾಡಿದ್ದು. ಅಂದ್ರೆ ಮಲಗಿ ಒಂದು ಮೂರು ಗಂಟೆ ಒಳಗೆ ಕಣ್ಣು ಬಿಟ್ಕೊಂಡು ಎದ್ದು, ಬೆಳಿಗ್ಗೆ ಏನೂ ನೆನಪಿಲ್ಲ ಅಂದ್ರೆ ಅದು ಬಹುತೇಕ ಗಾಢ ನಿದ್ದೆಯ ಗುಂಪು. ಬೆಳಗಿನ ಜಾವ ಕಣ್ಣು ಮುಚ್ಕೊಂಡೇ ಒದ್ದಾಡಿ, ಎಬ್ಬಿಸಿದ ತಕ್ಷಣ ಪೂರ್ತಿ ಎಚ್ಚರ ಆಗಿ ಕನಸಿನ ಕಥೆ ಹೇಳಿದ್ರೆ ಅದು ಕನಸಿನ ನಿದ್ದೆಯ ಗುಂಪು. ಗೆರೆ ಕೊರೆದ ಹಾಗೆ ಇರಲ್ಲ, ಆದ್ರೂ ಶುರು ಮಾಡೋಕೆ ಇಷ್ಟು ಸಾಕು.

ಮೊದಲ ಜಾವದವು: ಚೀರೋದು, ನಡೆಯೋದು, ತಬ್ಬಿಬ್ಬಾಗಿ ಏಳೋದು

ಇವು ಮೂರೂ ಒಂದೇ ಮರದ ಕೊಂಬೆಗಳು. ಗಾಢ ನಿದ್ದೆಯಿಂದ ಮಿದುಳು ಅರ್ಧಂಬರ್ಧ ಎದ್ದಿರತ್ತೆ, ಕೈಕಾಲು ಆಡಿಸೋ ಭಾಗ ಎದ್ದಿದೆ, ವಿವೇಕ ಮತ್ತೆ ನೆನಪಿನ ಭಾಗ ಇನ್ನೂ ಗೊರಕೆ ಹೊಡೀತಿದೆ, ಹಂಗಾಗಿ ನಡೀತಾರೆ ಬಾಗಿಲು ತೆಗೀತಾರೆ ಮಾತಿಗೆ "ಹೂಂ" ಅಂತಾರೆ, ಆದ್ರೆ ಅಲ್ಲಿ ಅವರಿಲ್ಲ. ಮಕ್ಕಳಲ್ಲಿ ಇದು ಜಾಸ್ತಿ ಯಾಕಂದ್ರೆ ಅವರಿಗೆ ಗಾಢ ನಿದ್ದೆನೇ ಜಾಸ್ತಿ. ಬಹಳಷ್ಟು ಮಕ್ಕಳಿಗೆ ಹದಿಹರೆಯ ಬರೋ ಹೊತ್ತಿಗೆ ತಾನಾಗೇ ನಿಂತುಹೋಗತ್ತೆ. ಮನೆತನದಲ್ಲಿ ಹರಿದು ಬರೋದೂ ನಿಜ: 2015ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನ ವರ್ಷಗಟ್ಟಲೆ ನೋಡಿ ಬರೆದ ಅಧ್ಯಯನ ಒಂದಿದೆ, ಅಪ್ಪ ಅಮ್ಮ ಇಬ್ಬರಿಗೂ ನಿದ್ದೇಲಿ ನಡೆಯೋ ಚರಿತ್ರೆ ಇಲ್ಲದ ಮಕ್ಕಳಲ್ಲಿ ಸುಮಾರು 22% ಜನ ನಡೀತಿದ್ರು, ಒಬ್ಬರಿಗಿದ್ರೆ 47%, ಇಬ್ಬರಿಗೂ ಇದ್ರೆ 61%. ನಮ್ಮ ಯಜಮಾನರನ್ನ ಕೇಳಿದ್ದಕ್ಕೆ "ನನಗೇನೂ ಇರ್ಲಿಲ್ಲ" ಅಂದ್ರು, ಅತ್ತೆ ಪಕ್ಕದಲ್ಲೇ ಕೂತು ನಕ್ಕರು.

ಆ ಹೊತ್ತಲ್ಲಿ ಏನು ಮಾಡ್ಬೇಕು ಅಂದ್ರೆ, ಆದಷ್ಟು ಕಮ್ಮಿ ಮಾಡ್ಬೇಕು. ಹೇಳೋದು ಸುಲಭ, ಮಗು ಆ ಥರ ಚೀರ್ತಿರೋವಾಗ ಕೈ ಕಟ್ಕೊಂಡು ಕೂರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ದೊಡ್ಡ ಲೈಟ್ ಹಾಕಬೇಡಿ, ಅಲ್ಲಾಡಿಸಬೇಡಿ, "ಏನಾಯ್ತು ಏನಾಯ್ತು" ಅಂತ ಪ್ರಶ್ನೆ ಹಾಕಬೇಡಿ. ಮಂಚದಿಂದ ಬೀಳದ ಹಾಗೆ, ಗೋಡೆಗೆ ತಲೆ ಹೊಡ್ಕೊಳ್ಳದ ಹಾಗೆ ಪಕ್ಕದಲ್ಲಿ ಕೂತ್ಕೊಳ್ಳಿ, ಮೆಲ್ಲಗೆ ಒಂದೇ ಮಾತನ್ನ ಒಂದೇ ದನೀಲಿ ಹೇಳ್ತಿರಿ, ನಾನು "ಮಲ್ಕೋ ಪುಟ್ಟಾ, ಮಲ್ಕೋ" ಅಂತಿದ್ದೆ, ಅಷ್ಟೇ. ಕೆಲವು ನಿಮಿಷದಲ್ಲಿ ಮುಗಿಯತ್ತೆ. ನಡೆಯೋರಾದ್ರೆ ಎದುರು ನಿಂತು ಅಡ್ಡಗಟ್ಟಬೇಡಿ, ಪಕ್ಕದಿಂದ ಬಂದು ಮೊಣಕೈ ಹತ್ರ ಹಗುರಾಗಿ ಹಿಡಿದು ಹಾಸಿಗೆ ಕಡೆಗೆ ತಿರುಗಿಸಿ, ಬಹಳ ಜನ ಹಸು ಕರೂನ ಹಾಗೆ ಬಂದ್ಬಿಡ್ತಾರೆ. ಎಬ್ಬಿಸಿದ್ರೆ ಪ್ರಾಣ ಹೋಗತ್ತೆ, ಹುಚ್ಚು ಹಿಡಿಯತ್ತೆ ಅನ್ನೋದೆಲ್ಲ ಸುಳ್ಳು. ಆದ್ರೆ ಬಲವಂತಕ್ಕೆ ಎಬ್ಬಿಸಿದ್ರೆ ಗಾಬರಿಯಾಗಿ ಕೈ ಬೀಸಬಹುದು, ಏಟು ತಿನ್ನೋದು ನೀವೇ. ಬೆಂಕಿ, ಮೆಟ್ಟಿಲು, ರಸ್ತೆ ಥರದ ಅಪಾಯ ಎದುರಿಗೇ ಇದ್ರೆ ಮಾತ್ರ ಹಿಂದೆಮುಂದೆ ನೋಡದೆ ತಡೀರಿ.

ಬೆಳಿಗ್ಗೆ ಮಗು ಮುಂದೆ ಅದನ್ನ ದೊಡ್ಡ ಕಥೆ ಮಾಡಿ ಹೇಳಬೇಡಿ, ನಕ್ಕು ಆಡ್ಕೋಬೇಡಿ. ನೆನಪೇ ಇಲ್ಲದ ವಿಷಯಕ್ಕೆ ಮಗು ಮಲಗೋಕೇ ಹೆದರೋಕೆ ಶುರು ಮಾಡತ್ತೆ, ಹೆದರಿ ಲೇಟಾಗಿ ಮಲಗತ್ತೆ, ನಿದ್ದೆ ಕಮ್ಮಿ ಆದ್ರೆ ಇದು ಇನ್ನೂ ಜಾಸ್ತಿ ಆಗತ್ತೆ.

ಹೌದು, ಇದರ ದೊಡ್ಡ ಕಿಡಿ ನಿದ್ದೆಗೆಡೋದೇ. ಎಷ್ಟರ ಮಟ್ಟಿಗೆ ಅಂದ್ರೆ ಮಾಂಟ್ರಿಯಲ್‌ನ ಸಂಶೋಧಕರು ನಿದ್ದೇಲಿ ನಡೆಯೋರನ್ನ ಲ್ಯಾಬಲ್ಲಿ ಪರೀಕ್ಷೆ ಮಾಡೋಕೆ ಅವರನ್ನ 25 ಗಂಟೆ ಎಚ್ಚರವಾಗಿರಿಸಿ ಆಮೇಲೆ ಮಲಗಿಸ್ತಿದ್ರು, ಹಂಗೆ ಮಾಡಿದ್ರೆ ಲ್ಯಾಬಲ್ಲೂ ಏಳೋದು ಜಾಸ್ತಿ ಆಗ್ತಿತ್ತು. ಜ್ವರ, ತುಂಬಿದ ಮೂತ್ರಕೋಶ, ಹೊಸ ಜಾಗ, ಪರೀಕ್ಷೆ ಟೆನ್ಷನ್, ದೊಡ್ಡವರಾದ್ರೆ ಕುಡಿತ, ಇವೂ ಕಿಡಿಗಳೇ. ಇನ್ನೊಂದು ಎಲ್ಲರೂ ಮರೆಯೋದು ಗೊರಕೆ. ಉಸಿರು ಕಟ್ಟಿ ಕಟ್ಟಿ ಬರೋ ಸ್ಲೀಪ್ ಆಪ್ನಿಯಾ ಇದ್ರೆ ಗಾಢ ನಿದ್ದೆಯಿಂದ ಪದೇ ಪದೇ ಎಳೆದು ಎಬ್ಬಿಸಿದ ಹಾಗೆ ಆಗತ್ತೆ, ಮಕ್ಕಳಲ್ಲಿ ಟಾನ್ಸಿಲ್, ಇಲ್ಲಾ ಮೂಗಿನ ಹಿಂದಿರೋ ಅಡಿನಾಯ್ಡ್ ಗ್ರಂಥಿ ದಪ್ಪ ಆಗಿದ್ರೂ ಹಾಗೇ. ಅದಕ್ಕೆ ಚಿಕಿತ್ಸೆ ಕೊಡಿಸಿದ ಮೇಲೆ ನಡೆಯೋದೂ ನಿಂತ ಉದಾಹರಣೆ ಬೇಕಾದಷ್ಟಿದೆ.

ನಮ್ಮಲ್ಲಿ ಕೆಲಸ ಮಾಡಿದ್ದು ಒಂದು ಸೀದಾ ಉಪಾಯ, ಡಾಕ್ಟರ್ ಹೇಳಿಕೊಟ್ಟಿದ್ದು. ಮೊದಲು ಎರಡು ವಾರ ಬರೀ ಟೈಮ್ ಬರೆದೆ: 11.15, 11.05, ಒಂದಿನ ಇಲ್ಲ, 11.20, ಹೀಗೆ. ಹತ್ತೋ ಹದಿನೈದೋ ನಿಮಿಷದ ಒಳಗೇ ಎಲ್ಲ ಬರ್ತಿತ್ತು. ಆಮೇಲೆ ದಿನಾ 10.45ಕ್ಕೆ ಹೋಗಿ, ಅಂದ್ರೆ ಎಂದಿನ ಟೈಮಿಗೆ 15ರಿಂದ 30 ನಿಮಿಷ ಮೊದಲು, ಅವಳ ಕೆನ್ನೆ ತಟ್ಟಿ ಸ್ವಲ್ಪ ಎಚ್ಚರ ಮಾಡ್ತಿದ್ದೆ. ಪೂರ್ತಿ ಏಳಿಸೋದಲ್ಲ, ಕಣ್ಣು ಬಿಟ್ಟು "ಏನಮ್ಮಾ" ಅಂತ ಗೊಣಗಿ ಮಗ್ಗುಲು ಬದಲಾಯಿಸಿದ್ರೆ ಸಾಕು. ಎರಡರಿಂದ ನಾಲ್ಕು ವಾರ ಹೀಗೆ ಬಿಡದೆ ಮಾಡಬೇಕು. ಮೊದಲ ನಾಲ್ಕು ದಿನ "ಚೆನ್ನಾಗಿ ಮಲಗಿರೋ ಮಗೂನ ಎಬ್ಬಿಸ್ತಿದ್ದೀಯಲ್ಲ" ಅಂತ ಮನೆಯವರಿಂದ ಬೈಸ್ಕೊಂಡೆ. ಮೂರನೇ ವಾರಕ್ಕೆ ಚೀರಾಟ ನಿಂತಿತ್ತು. ಎಲ್ಲರಿಗೂ ಇಷ್ಟು ಸಲೀಸಾಗಿ ಆಗತ್ತೆ ಅಂತ ಹೇಳ್ತಿಲ್ಲ, ದಿನಕ್ಕೊಂದು ಟೈಮಿಗೆ ಬರ್ತಿದ್ರೆ ಈ ಉಪಾಯ ಪ್ರಯೋಜನಕ್ಕೆ ಬರೋದೂ ಕಷ್ಟ. ಜೊತೆಗೆ ಅವಳನ್ನ ಅರ್ಧ ಗಂಟೆ ಬೇಗ ಮಲಗಿಸೋಕೆ ಶುರು ಮಾಡಿದ್ವಿ, ಅದರ ಪಾಲೂ ಇರಬಹುದು.

ಮನೆಯನ್ನ ಸಜ್ಜು ಮಾಡೋದು

ನಡೆಯೋರು ಇರೋ ಮನೇಲಿ ಇದನ್ನ ಇವತ್ತೇ ಮಾಡಿ, ಕಾರಣ ಹುಡುಕೋದು ಆಮೇಲೆ. ಎತ್ತರದ ಮಂಚ, ಎರಡಂತಸ್ತಿನ ಮಂಚ ಬೇಡ, ನೆಲದ ಮೇಲೆ ಹಾಸಿಗೆ ಎಲ್ಲಕ್ಕಿಂತ ಒಳ್ಳೇದು. ಕಿಟಕಿ, ಬಾಲ್ಕನಿ ಬಾಗಿಲಿಗೆ ಕೈಗೆ ಸುಲಭಕ್ಕೆ ಸಿಗದ ಕಡೆ ಚಿಲಕ ಹಾಕಿಸಿ. ಮೆಟ್ಟಿಲಿಗೆ ಗೇಟ್. ರೂಮಿನ ಬಾಗಿಲಿಗೆ ಒಂದು ಗೆಜ್ಜೆನೋ ಗಂಟೆನೋ ಕಟ್ಟಿ, ಇಲ್ಲಾ ಬಾಗಿಲು ತೆರೆದ್ರೆ ಕಿರುಚೋ ಸಣ್ಣ ಅಲಾರಂ ಅಂಟಿಸಿ, ನಿಮಗೆ ಎಚ್ಚರ ಆಗೋದು ಮುಖ್ಯ. ನೆಲದ ಮೇಲೆ ಆಟದ ಸಾಮಾನು, ಚಾರ್ಜರ್ ವೈರು ಬಿದ್ದಿರೋದು ಬೇಡ. ಚಾಕು, ಕತ್ತರಿ ಒಳಗಿಡಿ, ಗ್ಯಾಸ್ ಆಫ್ ಮಾಡಿ.

ಹೊರಗಿಂದ ಬೀಗ ಹಾಕಿ ಮಲಗಿಸೋದು ಮಾತ್ರ ಬೇಡ. ರಾತ್ರಿ ಬೆಂಕಿ ಬಿತ್ತು ಅಂದ್ರೆ ಒಳಗಿರೋರ ಗತಿ?

ಗಾಡಿ ಕೀ ಬಚ್ಚಿಡಿ ಅಂದ್ರೆ ಜನ ನಗ್ತಾರೆ. 1987ರಲ್ಲಿ ಕೆನಡಾದಲ್ಲಿ ಒಬ್ಬ ನಿದ್ದೆಯಲ್ಲೇ 20 ಕಿಲೋಮೀಟರ್‌ಗಿಂತ ಜಾಸ್ತಿ ಕಾರು ಓಡಿಸ್ಕೊಂಡು ಹೋಗಿ ತನ್ನ ಅತ್ತೆಯನ್ನೇ ಕೊಂದಿದ್ದ, ಕೋರ್ಟು ಅವನು ಪ್ರಜ್ಞೇಲಿ ಇರ್ಲಿಲ್ಲ ಅಂತ ಖುಲಾಸೆ ಮಾಡ್ತು, 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡಿತು. ತೀರಾ ತೀರಾ ಅಪರೂಪ, ರಾತ್ರಿ ನಡೆಯೋ ನಿಮ್ಮ ತಮ್ಮನ್ನ ನೋಡಿ ಹೆದರಬೇಕಾಗಿಲ್ಲ, ಆದ್ರೆ ಕೀ ಬೀರುವಲ್ಲಿಡೋಕೆ ಕಷ್ಟ ಏನಿದೆ.

ಇದೇ ಗುಂಪಲ್ಲಿ ಇನ್ನೆರಡು ಇವೆ, ಜನ ಹೇಳ್ಕೊಳ್ಳೋಕೆ ನಾಚಿಕೆ ಪಡೋದು. ಒಂದು, ನಿದ್ದೇಲೇ ಅಡುಗೆಮನೆಗೆ ಹೋಗಿ ಸಿಕ್ಕಿದ್ದು ತಿನ್ನೋದು, ಹಸಿದೋ ಬೇಯದ್ದೋ, ಕೆಲವೊಮ್ಮೆ ತಿನ್ನೋ ವಸ್ತುವೇ ಅಲ್ಲದ್ದು. ಬೆಳಿಗ್ಗೆ ಚೆಲ್ಲಾಪಿಲ್ಲಿ ನೋಡಿದಾಗಲೇ ಗೊತ್ತಾಗೋದು. ರಾತ್ರಿ ಹಸಿವಾಗಿ ಎಚ್ಚರ ಇದ್ದೇ ತಿನ್ನೋದು ಬೇರೆ, ಅದನ್ನೂ ಇದನ್ನೂ ಸೇರಿಸಬೇಡಿ. ಇನ್ನೊಂದು, ನಿದ್ದೇಲೇ ಪಕ್ಕದಲ್ಲಿರೋರ ಮೇಲೆ ಲೈಂಗಿಕವಾಗಿ ಕೈ ಹಾಕೋದು, ಮಾಡಿದೋರಿಗೆ ಗೊತ್ತೇ ಇರಲ್ಲ. ಎರಡೂ ನಿಜವಾದ ಕಾಯಿಲೆಗಳೇ, ಚಿಕಿತ್ಸೆ ಇದೆ, ಎರಡನೇದು ಇದ್ದಲ್ಲಿ ಡಾಕ್ಟರ್ ನೋಡೋವರೆಗೆ ಬೇರೆ ಬೇರೆ ಮಲಗೋದು ಕಡ್ಡಾಯ ಅಂತ ನಾನಂತೂ ಹೇಳ್ತೀನಿ.

ನಿದ್ದೆ ಮಾತ್ರೆ ತಗೊಳ್ತಿದ್ದೀರಾ?

ಹಾಗಿದ್ರೆ ಮೊದಲು ಚೀಟಿ ತೆಗೆದು ಹೆಸರು ಓದಿ. ಝೋಲ್ಪಿಡೆಮ್, ಎಸ್‌ಝೋಪಿಕ್ಲೋನ್, ಝಲೆಪ್ಲಾನ್ ಅನ್ನೋ ಮಾತ್ರೆಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸ್ತು, ತಗೊಂಡೋರು ನಿದ್ದೇಲಿ ನಡೆದು, ಗಾಡಿ ಓಡಿಸಿ, ಒಲೆ ಹಚ್ಚಿ ಗಾಯ ಮಾಡ್ಕೊಂಡಿದ್ದು, ಸತ್ತಿದ್ದೂ ಇದೆ ಅಂತ. ಒಂದೇ ಡೋಸಿಗೂ ಆಗಬಹುದು. ಒಂದು ಸಲ ಹಂಗಾದ್ರೆ ಆ ಮಾತ್ರೆ ಅಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಮಾತ್ರೆ ಮೇಲೆ ಎಣ್ಣೆ ಹಾಕೋದಂತೂ ಕೇಳಲೇಬೇಡಿ.

ಖಿನ್ನತೆಯ ಮಾತ್ರೆಗಳ ವಿಷಯ ಬೇರೆ. ಅವುಗಳಲ್ಲಿ ಕೆಲವು ಕನಸಿನ ನಿದ್ದೆಯ ಒದ್ದಾಟ ಜಾಸ್ತಿ ಮಾಡಬಹುದು, ಹಲ್ಲು ಕಡಿಯೋದೂ ಜಾಸ್ತಿ ಆಗಬಹುದು, ಹಾಗಂತ ನೀವೇ ದಿಢೀರ್ ನಿಲ್ಲಿಸಿದ್ರೆ ಬೇರೆ ತೊಂದರೆ ಶುರು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಬೆಳಗಿನ ಜಾವದವು

ಕನಸಿನ ನಿದ್ದೇಲಿ ಮಿದುಳು ಭರ್ಜರಿ ಕೆಲಸದಲ್ಲಿರತ್ತೆ, ಆದ್ರೆ ಮಿದುಳಿನ ಬುಡದಿಂದ ಮೈಗೆ ಒಂದು ಕಟ್ಟಪ್ಪಣೆ ಹೋಗಿರತ್ತೆ, ಅಲ್ಲಾಡಬೇಡ ಅಂತ. ಕಣ್ಣು, ಉಸಿರಾಟ ಬಿಟ್ಟು ಮಿಕ್ಕ ಸ್ನಾಯುಗಳೆಲ್ಲ ಸಡಿಲ. ಕನಸಲ್ಲಿ ಓಡಿದ್ರೂ ಹಾಸಿಗೇಲಿ ಕಾಲು ಅಲ್ಲಾಡದೇ ಇರೋದು ಇದಕ್ಕೇ. ಈ ಏರ್ಪಾಡು ಎರಡು ಥರ ಕೆಡಬಹುದು.

ಒಂದು, ಎಚ್ಚರ ಬಂದ್ಮೇಲೂ ಅಪ್ಪಣೆ ವಾಪಸ್ ಆಗದೆ ಇರೋದು. ಕಣ್ಣು ಬಿಟ್ಟಿದ್ದೀರಿ, ರೂಮು ಕಾಣ್ತಿದೆ, ಕೂಗಬೇಕು ಅಂದ್ರೆ ದನಿ ಇಲ್ಲ, ಕೈಕಾಲು ಕಟ್ಟಿಹಾಕಿದ ಹಾಗೆ, ಎದೆ ಮೇಲೆ ಯಾರೋ ಕೂತ ಹಾಗೆ, ಮೂಲೇಲಿ ಯಾರೋ ನಿಂತ ಹಾಗೆ. ಇದೇ ಸ್ಲೀಪ್ ಪ್ಯಾರಾಲಿಸಿಸ್. ಜಪಾನಲ್ಲಿ ಇದಕ್ಕೆ ಕಾನಾಶಿಬಾರಿ ಅಂತ ಹೆಸರು, ಕೆನಡಾದ ನ್ಯೂಫೌಂಡ್‌ಲ್ಯಾಂಡಲ್ಲಿ ಮುದುಕಿ ಬಂದು ಎದೆ ಮೇಲೆ ಕೂರ್ತಾಳೆ ಅಂತಿದ್ರು, ಅಂದ್ರೆ ಎಲ್ಲಿ ಹೋದ್ರೂ ಇದಕ್ಕೊಂದು ದೆವ್ವ ಇದೆ. ನಿಜದಲ್ಲಿ ಕನಸಿನ ಚೂರು ಎಚ್ಚರದೊಳಗೆ ಸೋರಿರೋದು ಅಷ್ಟೇ, ಕೆಲವು ಸೆಕೆಂಡಿಂದ ಒಂದೆರಡು ನಿಮಿಷದಲ್ಲಿ ಬಿಡತ್ತೆ. ನನಗೂ ಕಾಲೇಜಲ್ಲಿದ್ದಾಗ ಮೂರ್ನಾಲ್ಕು ಸಲ ಆಗಿದೆ, ಮೈಯೆಲ್ಲ ಒಟ್ಟಿಗೆ ಎತ್ತೋಕೆ ಗುದ್ದಾಡಿದ್ರೆ ಭಯ ಜಾಸ್ತಿ ಆಗತ್ತೆ ಅಷ್ಟೇ, ಅದರ ಬದಲು ಕಾಲಿನ ಹೆಬ್ಬೆರಳು ಒಂದನ್ನೇ ಅಲ್ಲಾಡಿಸೋಕೆ ನೋಡಿ, ಇಲ್ಲಾ ಉಸಿರನ್ನ ನಿಧಾನಕ್ಕೆ ಎಣಿಸಿ, ಉಸಿರು ನಿಮ್ಮ ಕೈಲೇ ಇರತ್ತೆ. ಅಂಗಾತ ಮಲಗಿದ್ರೆ ಜಾಸ್ತಿ ಬರತ್ತೆ, ಮಗ್ಗುಲಾಗಿ ಮಲಗಿ. ನಿದ್ದೆಗೆಟ್ಟಾಗ, ಮಲಗೋ ಟೈಮ್ ದಿನಕ್ಕೊಂದಾದಾಗ ಬರತ್ತೆ, ಅದನ್ನ ಸರಿ ಮಾಡಿ. ಇದರ ಜೊತೆ ಹಗಲಲ್ಲಿ ತಡೆಯೋಕಾಗದಷ್ಟು ನಿದ್ದೆ, ನಕ್ಕಾಗ ಮಂಡಿ ಕುಸಿಯೋದು ಇದ್ರೆ ನಾರ್ಕೊಲೆಪ್ಸಿ ಅನ್ನೋ ನಿದ್ದೆಯ ಕಾಯಿಲೆ ಇರಬಹುದು, ಡಾಕ್ಟರ್ ಹತ್ರ ಹೋಗಲೇಬೇಕು.

ಎರಡನೇದು ಇದರ ಉಲ್ಟಾ, ಮೈಗೆ ಅಪ್ಪಣೆನೇ ತಲುಪದೆ ಇರೋದು, ಕನಸಲ್ಲಿ ಮಾಡಿದ್ದನ್ನೆಲ್ಲ ಮೈಯೂ ಮಾಡತ್ತೆ. ನಮ್ಮ ಮಾವನವರದ್ದು ಇದೇ. ಇಡೀ ಜನ್ಮದಲ್ಲಿ ಒಬ್ಬರಿಗೆ ಎತ್ತರದ ದನೀಲಿ ಮಾತಾಡದ ಮನುಷ್ಯ, ಅರವತ್ತಾರನೇ ವಯಸ್ಸಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕೆಟ್ಟ ಮಾತಲ್ಲಿ ಬೈತಾ ಗಾಳೀಲಿ ಗುದ್ದೋಕೆ ಶುರು ಮಾಡಿದ್ರು. ಅತ್ತೆ ಮೊದಮೊದಲು ಸುಮ್ಮನಿದ್ರು, ಒಂದಿನ ಅವರ ತುಟಿ ಒಡೆದಾಗ ವಿಷಯ ಹೊರಗೆ ಬಂತು. ಇನ್ನೊಂದಿನ ಕಾಟು ಪಕ್ಕದ ಮೇಜಿಗೆ ಗುದ್ದಿ ಬೆರಳಿನ ಗೆಣ್ಣು ಊದಿಸ್ಕೊಂಡಿದ್ರು. ಎಬ್ಬಿಸಿ ಕೇಳಿದ್ರೆ ಸ್ಪಷ್ಟವಾಗಿ ಹೇಳ್ತಾರೆ, "ನಾಯಿ ಅಟ್ಟಿಸ್ಕೊಂಡು ಬಂತು, ಮೊಮ್ಮಗಳನ್ನ ಕಚ್ಚೋಕೆ ಹೋಗಿತ್ತು, ಒದ್ದೆ." ಬಹಳ ಜನರ ಕನಸು ಇದೇ ಥರ, ತಾನು ದಾಳಿ ಮಾಡೋದಲ್ಲ, ಯಾರೋ ದಾಳಿ ಮಾಡಿದ್ದಕ್ಕೆ ತಡೆಯೋದು.

ಇದಕ್ಕೆ ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಅಂತಾರೆ. 1965ರಲ್ಲೇ ಫ್ರಾನ್ಸಿನ ಮಿಶೆಲ್ ಜೂವೆ ಬೆಕ್ಕುಗಳ ಮಿದುಳಿನ ಬುಡದ ಒಂದು ಚೂರಿಗೆ ಗಾಯ ಮಾಡಿ, ಅವು ನಿದ್ದೇಲೇ ಇಲ್ಲದ ಇಲಿ ಬೇಟೆ ಆಡೋದನ್ನ ತೋರಿಸಿದ್ದ, ಮನುಷ್ಯರಲ್ಲಿ ಇದು ಒಂದು ಕಾಯಿಲೆ ಅಂತ 1986ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕಾರ್ಲೋಸ್ ಶೆಂಕ್ ಮತ್ತೆ ಜೊತೆಯವರು ಬರೆದರು. ಹೆಚ್ಚಾಗಿ ಐವತ್ತು ದಾಟಿದೋರಲ್ಲಿ ಕಾಣಿಸತ್ತೆ. ಇಲ್ಲಿ ಮನೆಮದ್ದು, ಕಾದು ನೋಡೋಣ ಅನ್ನೋದು ಬೇಡ, ಸೀದಾ ನರರೋಗ ತಜ್ಞರ ಹತ್ರ ಹೋಗಿ. ಕಾರಣ ಸ್ವಲ್ಪ ಭಾರದ್ದು: ಬೇರೆ ಕಾರಣ ಇಲ್ಲದೆ ಇದು ಬಂದಿದ್ರೆ ವರ್ಷಗಳು ಕಳೆದ ಮೇಲೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಮರೆವಿನ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ, 2019ರಲ್ಲಿ ಹಲವು ದೇಶಗಳ ಸಾವಿರಕ್ಕೂ ಹೆಚ್ಚು ರೋಗಿಗಳನ್ನ ಸೇರಿಸಿ ಮಾಡಿದ ಅಧ್ಯಯನದಲ್ಲಿ 12 ವರ್ಷಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅಂತ ಲೆಕ್ಕ ಬಂತು. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಾವನಿಗೆ ಹೇಳಬೇಕಾ ಬೇಡವಾ ಅಂತ ಗಂಡ ಹೆಂಡತಿ ಎರಡು ದಿನ ಜಗಳ ಆಡಿದ್ವಿ. ಕೊನೆಗೆ ಡಾಕ್ಟರೇ ಅವರನ್ನ "ನಿಮಗೆ ಎಷ್ಟು ತಿಳ್ಕೋಬೇಕು ಅನ್ಸತ್ತೆ?" ಅಂತ ಕೇಳಿ ಅಷ್ಟನ್ನೇ ಹೇಳಿದ್ರು, ಅದು ಸರಿ ಅನ್ಸಿತು. ಎಲ್ಲ ಒದ್ದಾಟವೂ ಇದೇ ಅಲ್ಲ ಅನ್ನೋದೂ ನೆನಪಿರಲಿ, ಜೋರು ಸ್ಲೀಪ್ ಆಪ್ನಿಯಾನೂ ಥೇಟ್ ಹೀಗೇ ಕಾಣಿಸಬಹುದು, ಖಿನ್ನತೆ ಮಾತ್ರೆಯಿಂದಲೂ ಬರಬಹುದು, ಅದಕ್ಕೇ ಪರೀಕ್ಷೆ ಆಗಬೇಕು.

ಪರೀಕ್ಷೆಗೆ ಮುಂಚೆ ನಾವು ಮಾಡಿದ್ದು: ಕಾಟಿನ ಪಕ್ಕದ ಮೇಜು ತೆಗೆದ್ವಿ, ಗೋಡೆ ಕಡೆ ದಪ್ಪ ದಿಂಬು, ನೆಲದ ಮೇಲೆ ಒಂದು ಹಾಸಿಗೆ, ಅತ್ತೆಗೆ ಬೇರೆ ಮಂಚ. ಅತ್ತೆ ಇದನ್ನ ಒಪ್ಪೋಕೆ ಒಂದು ವಾರ ಬೇಕಾಯ್ತು, ನಲವತ್ತು ವರ್ಷದಲ್ಲಿ ಬೇರೆ ಮಲಗಿಲ್ಲ ಅಂತ. ಎಬ್ಬಿಸಬೇಕಾದ್ರೆ ಹತ್ರ ಹೋಗಿ ಮುಟ್ಟಬೇಡಿ, ದೂರದಿಂದಲೇ ಹೆಸರು ಹಿಡಿದು ಕರೀರಿ, ಇಲ್ಲಾಂದ್ರೆ ಕನಸಿನ ನಾಯಿ ನೀವೇ ಆಗ್ತೀರಿ. ಡಾಕ್ಟರ್‌ಗಳು ಸಾಮಾನ್ಯವಾಗಿ ಮೆಲಟೋನಿನ್ ಇಲ್ಲಾ ಕ್ಲೊನಾಝೆಪಾಮ್ ಕೊಡ್ತಾರೆ. ಎರಡನೇದರಲ್ಲಿ ವಯಸ್ಸಾದೋರು ಬೀಳೋ ಭಯ, ಉಸಿರು ಕಟ್ಟೋರಿಗೆ ಇನ್ನೂ ಕಷ್ಟ ಆಗೋ ಭಯ ಇದೆ, ಅಂಗಡೀಲಿ ಕೇಳಿ ತಂದು ನುಂಗೋ ಮಾತ್ರೆ ಅಲ್ಲ.

ಕೆಟ್ಟ ಕನಸು ಪದೇ ಪದೇ ಬಂದು ಎಚ್ಚರ ಆಗೋದೂ ಈ ಹೊತ್ತಿನದ್ದೇ. ಮೊದಲ ಜಾವದ ಚೀರಾಟಕ್ಕೂ ಇದಕ್ಕೂ ವ್ಯತ್ಯಾಸ ಏನಂದ್ರೆ ಇಲ್ಲಿ ಮಗು ಪೂರ್ತಿ ಎಚ್ಚರ ಇರತ್ತೆ, ಕನಸು ಹೇಳತ್ತೆ, ನಿಮ್ಮನ್ನ ತಬ್ಬಿಕೊಳ್ಳತ್ತೆ. ಇಲ್ಲಿ ಅಪ್ಪಿಕೊಂಡು ಸಮಾಧಾನ ಮಾಡೋದೇ ಸರಿ. ದೊಡ್ಡವರಿಗೆ ಒಂದೇ ಕನಸು ತಿಂಗಳುಗಟ್ಟಲೆ ಕಾಡ್ತಿದ್ರೆ ಒಂದು ಒಳ್ಳೇ ವಿಧಾನ ಇದೆ, ಹಗಲು ಬೆಳಕಲ್ಲಿ ಕೂತು ಆ ಕನಸನ್ನ ಬರೀರಿ, ಆಮೇಲೆ ಅದರ ಕಥೆ ನಿಮಗೆ ಬೇಕಾದ ಹಾಗೆ ತಿರುಗಿಸಿ, ಮುಳುಗ್ತಿರೋ ಕನಸಾದ್ರೆ ನೀರು ಮೊಣಕಾಲಿಗೆ ಇಳೀತು ಅಂತ ಬರೀರಿ, ಆ ಹೊಸ ಕಥೆಯನ್ನ ದಿನಾ ಹತ್ತು ಹದಿನೈದು ನಿಮಿಷ ಮನಸ್ಸಲ್ಲಿ ಓಡಿಸಿ. ಕೇಳೋಕೆ ಮಕ್ಕಳಾಟ ಅನ್ಸತ್ತೆ, ಆದ್ರೆ ಇದು ಪರೀಕ್ಷೆ ಮಾಡಿ ಒಪ್ಪಿರೋ ಚಿಕಿತ್ಸೆ. ಯಾವುದೋ ದೊಡ್ಡ ಆಘಾತದ ನಂತರದ ಕನಸಾದ್ರೆ ಒಬ್ಬರೇ ಮಾಡಬೇಡಿ, ಮನೋವೈದ್ಯರ ಜೊತೆ ಮಾಡಿ.

ಸಣ್ಣಪುಟ್ಟವು

ಕನವರಿಸೋದಕ್ಕೆ ಚಿಕಿತ್ಸೆ ಬೇಡ, ಪಕ್ಕದೋರಿಗೆ ಹತ್ತಿ ಉಂಡೆ ಸಾಕು. 2017ರಲ್ಲಿ ಫ್ರಾನ್ಸಿನೋರು 232 ಜನರ ಕನವರಿಕೆ ರೆಕಾರ್ಡ್ ಮಾಡಿ ನೋಡಿದ್ರೆ ಎಲ್ಲಕ್ಕಿಂತ ಜಾಸ್ತಿ ಬಂದ ಮಾತು "ಇಲ್ಲ", ಬೈಗುಳವೂ ಧಾರಾಳ ಇತ್ತು. ಹಾಗಾಗಿ ಗಂಡ ನಿದ್ದೇಲಿ ಏನೋ ಅಂದ್ರು ಅಂತ ಬೆಳಿಗ್ಗೆ ವಿಚಾರಣೆಗೆ ಕೂರಿಸಬೇಡಿ.

ಜೋಂಪು ಹತ್ತೋವಾಗ ಮೆಟ್ಟಿಲು ತಪ್ಪಿದ ಹಾಗೆ ಬೆಚ್ಚಿಬೀಳೋದು ಬಹಳ ಜನರಿಗೆ ಆಗತ್ತೆ, ಕಾಫಿ ಟೀ, ಸುಸ್ತು, ಟೆನ್ಷನ್ ಜಾಸ್ತಿ ಆದಾಗ ಇದೂ ಜಾಸ್ತಿ. ಅದೇ ಹೊತ್ತಿಗೆ ತಲೆಯೊಳಗೆ ಪಟಾಕಿ ಸಿಡಿದ ಹಾಗೆ ಢಂ ಅಂತ ಶಬ್ದ ಕೇಳೋದೂ ಉಂಟು, ನೋವಿಲ್ಲ, ಅಪಾಯ ಇಲ್ಲ. ನಿಜವಾಗಿ ಜೋರು ತಲೆನೋವೂ ಬಂದ್ರೆ ಅದು ಇದಲ್ಲ, ತಕ್ಷಣ ತೋರಿಸಿ.

ಹಲ್ಲು ಕಡಿಯೋರು ಬೆಳಿಗ್ಗೆ ದವಡೆ ನೋವು ಅಂತಾರೆ, ದಂತವೈದ್ಯರು ಹಲ್ಲಿಗೆ ಅಳತೆ ತಗೊಂಡು ಒಂದು ಗಾರ್ಡ್ ಮಾಡಿಕೊಡ್ತಾರೆ, ಅದು ಹಲ್ಲು ಸವೆಯೋದನ್ನ ತಡೆಯತ್ತೆ, ಕಡಿಯೋ ಚಟ ನಿಲ್ಲಿಸಲ್ಲ. ಸಂಜೆ ಮಲಗೋ ಹೊತ್ತಿಗೆ ಕಾಲಲ್ಲಿ ಏನೋ ಹರಿದಾಡಿದ ಹಾಗೆ, ಆಡಿಸದೆ ಇರೋಕೇ ಆಗಲ್ಲ ಅನ್ನಿಸಿದ್ರೆ ರಕ್ತದಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಮ್ಮಿ ಇರೋದು ಒಂದು ಮುಖ್ಯ ಕಾರಣ, ಹಿಮೋಗ್ಲೋಬಿನ್ ಸರಿ ಇದ್ರೂ ಇದು ಕಮ್ಮಿ ಇರಬಹುದು. ಮಕ್ಕಳು ಹಾಸಿಗೆ ಒದ್ದೆ ಮಾಡೋದು ಐದು ವರ್ಷದವರೆಗೆ ಲೆಕ್ಕಕ್ಕೇ ತಗೋಬೇಡಿ, ಆಮೇಲೂ ಬೈಬೇಡಿ ಹೊಡೀಬೇಡಿ. ಆರು ತಿಂಗಳು ನಿಂತಿದ್ದು ಮತ್ತೆ ಶುರುವಾದ್ರೆ ತೋರಿಸಿ.

ಡಾಕ್ಟರ್ ಹತ್ರ ಹೋಗೋ ಮುಂಚೆ

ಗಾಯ ಆಗಿದ್ರೆ, ಮನೆಯಿಂದ ಹೊರಗೆ ಹೋಗಿದ್ರೆ, ದೊಡ್ಡ ವಯಸ್ಸಲ್ಲಿ ಹೊಸದಾಗಿ ಶುರುವಾಗಿದ್ರೆ, ಹಗಲಲ್ಲಿ ತೂಕಡಿಕೆ ಇದ್ರೆ ಹೋಗಿ. ಇನ್ನೊಂದು ಗುರುತು ಎಲ್ಲರೂ ತಿಳ್ಕೊಂಡಿರಬೇಕು: ಪ್ರತೀ ಸಲ ಅಚ್ಚೊತ್ತಿದ ಹಾಗೆ ಅದೇ ಚಲನೆ, ಅದೇ ಕೈ ಸೆಟೆಯೋದು, ಎರಡು ನಿಮಿಷದೊಳಗೆ ಮುಗಿಯೋದು, ಒಂದೇ ರಾತ್ರಿಗೆ ಹಲವು ಸಲ, ಹೊತ್ತುಗೊತ್ತಿಲ್ಲದೆ ಬರೋದು, ಇದು ನಿದ್ದೇಲಿ ಬರೋ ಮೂರ್ಛೆರೋಗ ಇರಬಹುದು. ನಡೆಯೋರು ಒಂದೊಂದು ರಾತ್ರಿ ಒಂದೊಂದು ಥರ ಮಾಡ್ತಾರೆ, ಮೂರ್ಛೆ ಒಂದೇ ಥರ.

ಬಾಯಲ್ಲಿ ವರ್ಣಿಸೋದಕ್ಕಿಂತ ವಿಡಿಯೋ ಸಾವಿರ ಪಾಲು ಮೇಲು. ನಾವು ಒಂದು ಹಳೇ ಫೋನನ್ನ ಕಪಾಟಿನ ಮೇಲೆ ನಿಲ್ಲಿಸಿ, ಚಾರ್ಜಿಗೆ ಹಾಕಿ, ಸಣ್ಣ ನೈಟ್ ಲ್ಯಾಂಪ್ ಬೆಳಕಲ್ಲಿ ರಾತ್ರಿ ಮೂರರಿಂದ ಆರರವರೆಗೆ ರೆಕಾರ್ಡ್ ಮಾಡಿದ್ವಿ, ಮಾವನವರನ್ನ ಕೇಳಿ ಒಪ್ಪಿಸಿಯೇ. ಐದನೇ ರಾತ್ರಿ ಸಿಕ್ತು. ಡಾಕ್ಟರ್ ಮೊದಲ ಅರ್ಧ ನಿಮಿಷ ನೋಡಿ "ಕಣ್ಣು ಮುಚ್ಚಿದೆ ಅಲ್ವಾ, ಟೈಮ್ ಎಷ್ಟು?" ಅಂದ್ರು, ನಾಲ್ಕು ಹತ್ತು ಅಂದೆ. ಆಮೇಲೆ ಒಂದು ರಾತ್ರಿ ನಿದ್ದೆ ಪರೀಕ್ಷೆಗೆ ಮಲಗಿಸಿದ್ರು, ತಲೆಗೆ, ಗದ್ದಕ್ಕೆ, ಕಾಲಿಗೆ ವೈರು ಅಂಟಿಸಿ, ಮೇಲೊಂದು ಕ್ಯಾಮೆರಾ, ಗದ್ದದ ವೈರು ಯಾಕೆ ಅಂದ್ರೆ ಕನಸಿನ ನಿದ್ದೇಲಿ ಸ್ನಾಯು ಸಡಿಲ ಆಗಿದೆಯಾ ಇಲ್ವಾ ಅಂತ ಅದೇ ಹೇಳೋದು. ಇಷ್ಟೆಲ್ಲ ಅಂಟಿಸ್ಕೊಂಡು ಯಾರಿಗೆ ನಿದ್ದೆ ಬರತ್ತೆ ಅಂತ ಮಾವ ಗೊಣಗಿದ್ರು, ಬೆಳಿಗ್ಗೆ ಟೆಕ್ನಿಷಿಯನ್ ಹುಡುಗಿ ನಕ್ಕೊಂಡು ಹೇಳಿದ್ಲು, "ತಾತ, ಮೂರೂವರೆಗೆ ಯಾರನ್ನೋ ಚೆನ್ನಾಗಿ ಬೈದ್ರಿ." ಅವರು ಬ್ಯಾಗ್ ಎತ್ಕೊಂಡು, ನನ್ನ ಕಡೆ ತಿರುಗಿ, ನಾಯಿನೇ ಇರಬೇಕು ಅಂದ್ರು.